ಲಾರಿಯ ಭಾರ, ನಮ್ಮೂರ ರಸ್ತೆ: ಒಂದು ಲೆಕ್ಕದ ಪಾಠ

ನಮ್ಮೂರು ಸುಂಕದಕಟ್ಟೆ. ಬೆಂಗಳೂರಿನಿಂದ ಮಾಗಡಿ ರಸ್ತೆ ಹಿಡಿದು ಸುಮನಹಳ್ಳಿ ದಾಟಿದರೆ ಸಿಗುತ್ತದೆ. ಈಗ ನೋಡಿದವರು ಇದನ್ನು ಹಳ್ಳಿ ಅನ್ನಲಾರರು. ನನ್ನ ಚಿಕ್ಕಂದಿನಲ್ಲಿ ಇಲ್ಲಿ ರಾಗಿ ಹೊಲವಿತ್ತು, ಕಣವಿತ್ತು, ಸಂಜೆಗೆ ದನದ ಧೂಳು ಏಳುತ್ತಿತ್ತು. ಅಪ್ಪನ ಹೊಲ ಲೇಔಟ್ ಆಯಿತು. ಮನೆ ಮಾತ್ರ ಉಳಿಯಿತು. ನಾನು ಮಾಗಡಿ ಕಡೆ ನಾಲ್ಕು ಎಕರೆ ಖುಷ್ಕಿ ಜಮೀನು ಮಾಡಿಕೊಂಡು ರಾಗಿ, ಅವರೆ, ತೊಗರಿ, ಹುರುಳಿ ಬೆಳೆಯುತ್ತಿದ್ದೇನೆ. ವಾರದಲ್ಲಿ ನಾಲ್ಕು ದಿನ ಹೊಲದಲ್ಲಿ, ಮೂರು ದಿನ ಮನೆಯಲ್ಲಿ. ಹಾಗಾಗಿ ಈ ರಸ್ತೆಯೇ ನನ್ನ ಜೀವನ ಅಂದರೂ ತಪ್ಪಿಲ್ಲ.

ಊರಿನ ಹೆಸರಿನಲ್ಲೇ ಸುಂಕವಿದೆ. ಹಿಂದೆ ಗಾಡಿಗಳನ್ನು ನಿಲ್ಲಿಸಿ ಸುಂಕ ಎತ್ತುತ್ತಿದ್ದ ಕಟ್ಟೆ ಇಲ್ಲಿತ್ತಂತೆ, ಅದಕ್ಕೇ ಈ ಹೆಸರು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. 'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ' ಎಂಬ ಗಾದೆ ನಿಮಗೆಲ್ಲ ಗೊತ್ತು. ಆದರೆ ಆ ಸುಂಕದವನಿಗೂ ಒಂದು ನ್ಯಾಯವಿತ್ತು. ಹೊರೆ ನೋಡಿ ಹಣ ಕೇಳುತ್ತಿದ್ದ. ದಾರಿ ಸವೆಸುವವನು ದಾರಿಗೆ ಕೊಡಬೇಕು ಅನ್ನುವ ಲೆಕ್ಕ ಅದು. ಇವತ್ತು ಆ ಲೆಕ್ಕ ಎಲ್ಲಿ ತಪ್ಪಿದೆ, ಅದರಿಂದ ಸಣ್ಣ ರೈತನಿಗೆ ಏನಾಗುತ್ತಿದೆ ಅಂತ ನಾನು ಕಲಿತಷ್ಟನ್ನು ಇಲ್ಲಿ ಬರೆಯುತ್ತೇನೆ. ನಾನು ಓದಿದ್ದು ಏಳನೇ ಕ್ಲಾಸು. ಗುಣಾಕಾರ ಬರುತ್ತೆ. ಈ ಪಾಠಕ್ಕೆ ಅಷ್ಟು ಸಾಕು.

ಅವರೆಕಾಯಿ ಕೊಟ್ಟ ಪೆಟ್ಟು

ನಮ್ಮ ಹೊಲದ ದಾರಿಗೆ ಡಾಂಬರು ಬಿದ್ದಿದ್ದು ಬಹಳ ವರ್ಷ ಅರ್ಜಿ ಕೊಟ್ಟ ಮೇಲೆ. ಎರಡು ಮಳೆಗಾಲ ಚೆನ್ನಾಗಿತ್ತು. ಆಮೇಲೆ ಮೇಲ್ಗಡೆ ಗುಡ್ಡದಲ್ಲಿ ಒಂದು ಜಲ್ಲಿ ಕ್ರಷರ್ ಶುರುವಾಯ್ತು. ಹತ್ತು ಚಕ್ರದ ಟಿಪ್ಪರುಗಳು ಹಗಲೂ ರಾತ್ರಿ ಓಡಾಡಲು ಹತ್ತಿದವು. ಆ ವರ್ಷದ ಹಿಂಗಾರು ಮುಗಿಯುವಷ್ಟರಲ್ಲಿ ಚಕ್ರ ಹಾಯುವ ಜಾಗದಲ್ಲಿ ಉದ್ದಕ್ಕೆ ಎರಡು ಕಾಲುವೆ ಬಿದ್ದವು. ಹಳ್ಳದ ಹತ್ತಿರ ಮೋರಿಯ ಪೈಪು ಒಡೆದು ಕೂತಿತು.

ಡಿಸೆಂಬರಿನ ಒಂದು ಬೆಳಗಿನ ಜಾವ ನಾವು ಐದು ಮನೆಯವರು ಸೇರಿ ಅವರೆಕಾಯಿ ಚೀಲಗಳನ್ನು ಒಂದು ಕ್ಯಾಂಟರಿಗೆ ಹಾಕಿದ್ದೆವು. ಮಾಗಡಿ ಅವರೆ ಅಂದರೆ ಸೊಗಡಿಗೆ ಹೆಸರು. ಆದರೆ ಸೊಗಡು ಹೊತ್ತು ಏರುವ ಮುಂಚೆ ಮಾರುಕಟ್ಟೆ ಮುಟ್ಟಿದರೆ ಮಾತ್ರ ಕಾಸು. ಮೋರಿಯ ಹತ್ತಿರ ಹಿಂದಿನ ಚಕ್ರ ಗುಂಡಿಗೆ ಬಿದ್ದು ಪಟ್ಟಾ ಮುರಿಯಿತು. ಇನ್ನೊಂದು ಗಾಡಿ ತರಿಸಿ, ಚೀಲ ಬದಲಾಯಿಸಿ, ಮಾರುಕಟ್ಟೆ ಸೇರಿದಾಗ ಬಿಸಿಲು ನೆತ್ತಿಗೆ ಬರುತ್ತಿತ್ತು. ಬೆಳಗಿನ ರೇಟಿನ ಅರ್ಧವೂ ಸಿಗಲಿಲ್ಲ. ಆ ವರ್ಷ ಬಿತ್ತನೆ ಬೀಜ, ಕಳೆ ಕೂಲಿ, ಎಲ್ಲ ಸೇರಿ ನನಗೆ ಉಳಿಯಬೇಕಿದ್ದ ಹಣ ಆ ಒಂದು ಗುಂಡಿಯಲ್ಲಿ ಹೋಯ್ತು. ಅದೇ ಗುಂಡಿಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದ ಪಕ್ಕದ ಮನೆ ಹುಡುಗ ಬೈಕಿನಿಂದ ಬಿದ್ದು ಮೊಣಕೈ ಮುರಿದುಕೊಂಡ. ಹಣದ ನಷ್ಟ ಮುಂದಿನ ಬೆಳೆಯಲ್ಲಿ ತೀರುತ್ತೆ, ಆ ಕೈ ಇನ್ನೂ ನೆಟ್ಟಗಾಗಿಲ್ಲ.

ಊರಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು: 'ಕಳಪೆ ಕಾಮಗಾರಿ, ಕಂಟ್ರಾಕ್ಟರ್ ತಿಂದ.' ನಾನೂ ಹಾಗೇ ಅಂದುಕೊಂಡಿದ್ದೆ. ಸುಂಕದಕಟ್ಟೆಯ ನಮ್ಮ ಬೀದಿಯಲ್ಲಿ ರಸ್ತೆ ಕೆಲಸದಲ್ಲಿದ್ದು ನಿವೃತ್ತರಾದ ಇಂಜಿನಿಯರೊಬ್ಬರಿದ್ದಾರೆ. ಅವರ ಮುಂದೆ ಬೈದುಕೊಂಡೆ. ಅವರು, 'ಯಜಮಾನ್ರೇ, ಕಂಟ್ರಾಕ್ಟರನ್ನ ಆಮೇಲೆ ಬೈಯೋಣ. ಮೊದಲು ಆ ರಸ್ತೆ ಮೇಲೆ ಎಷ್ಟು ಭಾರ ಹೋಯ್ತು ಅಂತ ಲೆಕ್ಕ ಹಾಕಿ' ಅಂದರು. ಅಂದು ಅವರು ಜಗುಲಿ ಮೇಲೆ ಕೂತು ಹೇಳಿಕೊಟ್ಟ ಪಾಠ ಇದು.

ಒಟ್ಟು ಭಾರ ಬೇರೆ, ಅಚ್ಚಿನ ಭಾರ ಬೇರೆ

ನಾವು ಲಾರಿ ನೋಡಿದಾಗ 'ಇದು ಎಷ್ಟು ಟನ್' ಅಂತ ಕೇಳುತ್ತೇವೆ. ರಸ್ತೆ ಹಾಗೆ ಕೇಳುವುದಿಲ್ಲ. ರಸ್ತೆ ಕೇಳುವುದು 'ಒಂದೊಂದು ಅಚ್ಚಿನ ಮೇಲೆ ಎಷ್ಟು' ಅಂತ. ಅಚ್ಚು ಅಂದರೆ ಡ್ರೈವರುಗಳು ಹೇಳುವ ಆಕ್ಸಲ್. ನಮ್ಮ ಎತ್ತಿನ ಗಾಡಿಗೆ ಒಂದು ಅಚ್ಚು. ಆರು ಚಕ್ರದ ಲಾರಿಗೆ ಮುಂದೊಂದು, ಹಿಂದೊಂದು. ಹತ್ತು ಚಕ್ರದ್ದಕ್ಕೆ ಮುಂದೊಂದು, ಹಿಂದೆ ಜೋಡಿ.

ಕೆಸರು ಗದ್ದೆ ನೆನೆಸಿಕೊಳ್ಳಿ. ಒಂದೇ ಕಾಲಲ್ಲಿ ನಿಂತರೆ ಮೊಣಕಾಲು ತನಕ ಹೂತು ಹೋಗುತ್ತೀರಿ. ಹಲಗೆ ಹಾಕಿ ಅದರ ಮೇಲೆ ನಿಂತರೆ ಹೂಳುವುದಿಲ್ಲ. ಆಳು ಅದೇ, ತೂಕ ಅದೇ. ಭಾರ ಹಂಚಿ ಹೋಯ್ತು, ಅಷ್ಟೇ ವ್ಯತ್ಯಾಸ. ಲಾರಿಯೂ ಹಾಗೇ. ಅಚ್ಚು ಹೆಚ್ಚಿದ್ದರೆ ಭಾರ ಹಂಚುತ್ತದೆ. ಅಚ್ಚು ಕಮ್ಮಿ ಇದ್ದು ಹೇರು ಜಾಸ್ತಿಯಾದರೆ ರಸ್ತೆಯ ಹೊಟ್ಟೆಗೇ ಪೆಟ್ಟು.

ರಸ್ತೆಗೆ ಹೊಟ್ಟೆ ಇದೆಯೇ ಅಂತ ಕೇಳಬೇಡಿ, ಇದೆ. ಮೇಲೆ ಕಾಣುವ ಡಾಂಬರು ಬರೀ ಚರ್ಮ. ಅದರ ಕೆಳಗೆ ಜಲ್ಲಿ, ಅದರ ಕೆಳಗೆ ಗ್ರಾವೆಲ್ಲು, ಅದರ ಕೆಳಗೆ ನಮ್ಮ ಹೊಲದ್ದೇ ಮಣ್ಣು. ಭಾರವನ್ನು ಕೊನೆಗೆ ಹೊರುವುದು ಆ ಮಣ್ಣು. ಲಾರಿ ಹಾಯುವಾಗ ರಸ್ತೆ ಕಣ್ಣಿಗೆ ಕಾಣದಷ್ಟು ಬಗ್ಗಿ ಮತ್ತೆ ಏಳುತ್ತದೆ. ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸುತ್ತಾ ಹೋದರೆ ಕೊನೆಗೆ ಪಟ್ ಅಂತ ಮುರಿಯುತ್ತಲ್ಲ, ಹಾಗೆ ಡಾಂಬರಿನಲ್ಲಿ ಬಿರುಕು ಬರುತ್ತದೆ. ಬಿರುಕಿನಲ್ಲಿ ನೀರು ಇಳಿಯುತ್ತದೆ. ನೀರು ಕುಡಿದ ಮಣ್ಣು ಮೆತ್ತಗಾಗುತ್ತದೆ. ಮುಂದಿನ ಲಾರಿಗೆ ಅಲ್ಲೇ ಗುಂಡಿ.

ನಾಲ್ಕು ಸಲ ಗುಣಿಸುವ ಲೆಕ್ಕ

ಇನ್ನು ಮುಖ್ಯ ಪಾಠ. ಭಾರ ಎರಡು ಪಟ್ಟಾದರೆ ಸವೆತವೂ ಎರಡು ಪಟ್ಟು ಅಂತ ನಾವು ತಿಳಿಯುತ್ತೇವೆ. ಅದು ತಪ್ಪು. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಎಂಬ ಊರಿನ ಹತ್ತಿರ ಇದಕ್ಕೇ ಅಂತ ರಸ್ತೆ ಹಾಕಿ, ಸೈನ್ಯದ ಡ್ರೈವರುಗಳಿಂದ ಬೇರೆ ಬೇರೆ ಭಾರದ ಲಾರಿಗಳನ್ನು ಸುತ್ತಿಸಿ ಸುತ್ತಿಸಿ ನೋಡಿದರು. ಅದರಿಂದ ಸಿಕ್ಕ ಸೂತ್ರ ಇದು: ಅಚ್ಚಿನ ಭಾರ ಎಷ್ಟು ಪಟ್ಟಾಯಿತೋ ಆ ಅಂಕಿಯನ್ನು ನಾಲ್ಕು ಸಲ ಬರೆದು ಗುಣಿಸಿದರೆ ಸವೆತ ಎಷ್ಟು ಪಟ್ಟು ಅಂತ ಗೊತ್ತಾಗುತ್ತೆ.

ಭಾರ ಎರಡು ಪಟ್ಟಾದರೆ 2 x 2 x 2 x 2 = 16 ಪಟ್ಟು ಸವೆತ.
ಭಾರ ಮೂರು ಪಟ್ಟಾದರೆ 3 x 3 x 3 x 3 = 81 ಪಟ್ಟು.
ಭಾರ ನಾಲ್ಕು ಪಟ್ಟಾದರೆ 4 x 4 x 4 x 4 = 256 ಪಟ್ಟು.

ಇದು ಅಂದಾಜಿನ ಸೂತ್ರ. ಗಟ್ಟಿ ರಸ್ತೆಗೆ ಒಂದು ರೀತಿ, ತೆಳು ರಸ್ತೆಗೆ ಒಂದು ರೀತಿ ಹೆಚ್ಚು ಕಮ್ಮಿ ಆಗುತ್ತೆ. ಆದರೆ ಭಾರಕ್ಕಿಂತ ಸವೆತ ಬಹಳ ಜೋರಾಗಿ ಓಡುತ್ತದೆ ಅನ್ನುವುದು ಎಲ್ಲ ಕಡೆಗೂ ನಿಜ. ನಮ್ಮ ದೇಶದ ಇಂಜಿನಿಯರುಗಳು ರಸ್ತೆಯ ದಪ್ಪ ನಿರ್ಧರಿಸುವುದೂ ಇದೇ ಲೆಕ್ಕದ ಮೇಲೆ. 8,160 ಕಿಲೋ ಭಾರದ ಒಂದು ಅಚ್ಚನ್ನು ಮಾದರಿ ಅಂತ ಇಟ್ಟುಕೊಂಡು, ಅಂಥ ಎಷ್ಟು ಅಚ್ಚು ಹಾಯುವ ತನಕ ಈ ರಸ್ತೆ ಬಾಳಬೇಕು ಅಂತ ನೋಡುತ್ತಾರೆ.

ಇದನ್ನು ಕೇಳಿದ ಮೇಲೆ ನಾನು ನನ್ನ ಬಾಮೈದನ ಹತ್ತಿರ ಹೋದೆ. ಅವನು ಅದೇ ಕ್ರಷರಿನ ಟಿಪ್ಪರ್ ಓಡಿಸುತ್ತಿದ್ದ. 'ನಿನ್ನ ಗಾಡಿಯ ತೂಕದ ಚೀಟಿ ತೋರಿಸಪ್ಪ' ಅಂದೆ. ಹಿಂದೆ ಮುಂದೆ ನೋಡಿ ತೋರಿಸಿದ. ಹತ್ತು ಚಕ್ರದ ಗಾಡಿ, ಹೇರು ಸೇರಿ 40 ಟನ್. ಕಾನೂನಿನಲ್ಲಿ ಇರಬೇಕಾದ್ದು ಸುಮಾರು 28. ಮುಂದಿನ ಅಚ್ಚಿಗೆ 8 ಟನ್ ಬಿಟ್ಟರೆ, ಹಿಂದಿನ ಎರಡು ಅಚ್ಚಿಗೆ 32. ಅಂದರೆ ಒಂದೊಂದಕ್ಕೆ 16 ಟನ್.

ನಮ್ಮ ಅವರೆಕಾಯಿ ಕ್ಯಾಂಟರಿನ ಹಿಂದಿನ ಅಚ್ಚಿಗೆ ಸುಮಾರು 4 ಟನ್ ಬೀಳುತ್ತೆ. 16 ಅಂದರೆ ಅದರ ನಾಲ್ಕು ಪಟ್ಟು. ಸವೆತ 256 ಪಟ್ಟು. ನಮ್ಮೂರಿಂದ ಅವರೆ ಕಾಲದಲ್ಲಿ ಮಾರುಕಟ್ಟೆಗೆ ಹೆಚ್ಚೆಂದರೆ 60 ಟ್ರಿಪ್ ಕ್ಯಾಂಟರು ಹೋಗುತ್ತವೆ. ಆ ಟಿಪ್ಪರಿನ ಒಂದು ಅಚ್ಚು ಒಂದು ಸಲ ಹಾಯ್ದರೆ, ಊರಿನ ಅವರೆಕಾಯಿ ನಾಲ್ಕು ವರ್ಷ ಹಾಯ್ದಷ್ಟು ಸವೆತ! ನಮ್ಮ ಎತ್ತಿನ ಗಾಡಿ, ಬೈಕುಗಳು ಈ ಲೆಕ್ಕದಲ್ಲಿ ಬರುವುದೇ ಇಲ್ಲ.

ನಾನು ಹೇಳಿದ್ದು ಕೇಳಿ ಬಾಮೈದ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, 'ಭಾವ, ನಮಗೆ ಟ್ರಿಪ್ಪಿನ ಲೆಕ್ಕ. ಕಮ್ಮಿ ಹಾಕಿದ್ರೆ ಡೀಸೆಲ್ ಕಾಸೂ ಹುಟ್ಟಲ್ಲ. ಗಾಡಿ ಸಾಲದ ಕಂತು ನಿಮ್ಮ ರಸ್ತೆ ನೋಡಿ ನಿಲ್ಲಲ್ಲ' ಅಂದ. ಅವನದೂ ಸುಳ್ಳಲ್ಲ.

2018ರಲ್ಲಿ ಏನು ಬದಲಾಯಿತು?

ಮೇಲೆ ಹೇಳಿದ್ದು ಕಳ್ಳ ಭಾರ. ಇನ್ನು ಕಾನೂನೇ ಕೊಟ್ಟ ಭಾರದ ವಿಷಯ. 2018ರ ಜುಲೈನಲ್ಲಿ ಕೇಂದ್ರ ಸರಕಾರ ಲಾರಿಗಳ ಅಚ್ಚಿನ ಭಾರದ ಮಿತಿ ಏರಿಸಿತು. ನಾಲ್ಕು ಟೈರಿನ ಒಂಟಿ ಅಚ್ಚಿಗೆ 10.2 ಟನ್ ಇದ್ದದ್ದು 11.5 ಆಯಿತು. ಹಿಂದಿನ ಜೋಡಿ ಅಚ್ಚಿಗೆ 19 ಇದ್ದದ್ದು 21. ಮೂರು ಅಚ್ಚಿನ ಗುಂಪಿಗೆ 24 ಇದ್ದದ್ದು 27. ಆರು ಚಕ್ರದ ಲಾರಿಯ ಒಟ್ಟು ಭಾರ 16.2ರಿಂದ 18.5 ಟನ್. ಎಲ್ಲಕ್ಕಿಂತ ದೊಡ್ಡ ಟ್ರೈಲರ್ ಲಾರಿಗೆ 49ರಿಂದ 55 ಟನ್. 2020ರ ಜೂನ್‌ನಲ್ಲಿ ಉದ್ದದ ನಿಯಮವೂ ಬದಲಾಯಿತು. ಟ್ರೈಲರ್ ಲಾರಿಗಳಿಗೆ 18.75 ಮೀಟರ್, ಆಯ್ದ ದಾರಿಗಳಲ್ಲಿ ಓಡುವ ಜೋಡಣೆ ಲಾರಿಗಳಿಗೆ 25.25 ಮೀಟರ್ ತನಕ ಅವಕಾಶ ಬಂತು. 25 ಮೀಟರ್ ಅಂದರೆ ಎಂಬತ್ತು ಅಡಿ ಮೀರಿತು. ಸುಂಕದಕಟ್ಟೆಯಲ್ಲಿ ಮೂವತ್ತು ಅಡಿ ಅಗಲದ ಎರಡು ಸೈಟು ಒಟ್ಟಿಗೆ ಸೇರಿಸಿದರೂ ಸಾಲದು.

ಸರಕಾರ ಕೊಟ್ಟ ಕಾರಣ: ಒಂದು ಲಾರಿ ಹೆಚ್ಚು ಸರಕು ಒಯ್ದರೆ ಸಾಗಾಣಿಕೆ ಖರ್ಚು ಇಳಿಯುತ್ತದೆ, ಡೀಸೆಲ್ ಉಳಿಯುತ್ತದೆ. ಮಾತು ನಿಜವೇ. ಎರಡು ಲಾರಿಯ ಬದಲು ಒಂದೂವರೆ ಲಾರಿ ಹೋದರೆ ಹೊಗೆಯೂ ಕಮ್ಮಿ, ಡ್ರೈವರ್ ಸಂಬಳವೂ ಕಮ್ಮಿ. ಹೊರದೇಶಗಳಲ್ಲಿ ಇನ್ನೂ ದೊಡ್ಡ ಲಾರಿಗಳಿವೆ ಅಂತಲೂ ಹೇಳುತ್ತಾರೆ.

ಈಗ ನಮ್ಮ ಲೆಕ್ಕ ಹಾಕಿ. 11.5ನ್ನು 10.2ರಿಂದ ಭಾಗಿಸಿದರೆ 1.127. ಅಂದರೆ ಭಾರ ಹೆಚ್ಚಿದ್ದು ನೂರಕ್ಕೆ 13. ಅದನ್ನೇ ನಾಲ್ಕು ಸಲ ಗುಣಿಸಿದರೆ 1.6. ಸವೆತ ಹೆಚ್ಚಿದ್ದು ನೂರಕ್ಕೆ 60ಕ್ಕೂ ಮೇಲೆ! ಜೋಡಿ ಅಚ್ಚಿಗೆ ಇದೇ ಲೆಕ್ಕ ಹಾಕಿದರೆ ನೂರಕ್ಕೆ ಸುಮಾರು 49. ಹೇರಿನಲ್ಲಿ ಸಿಕ್ಕ ಲಾಭ ಲಾರಿಯವರದು, ಸರಕಿನವರದು. ಹೆಚ್ಚಿದ ಸವೆತ ಯಾರದು? ಹೆದ್ದಾರಿಯಲ್ಲಾದರೆ ಟೋಲ್ ಇದೆ, ರಿಪೇರಿಗೆ ಹಣ ಇದೆ. ಪಂಚಾಯಿತಿ ರಸ್ತೆಗೆ ಟೋಲ್ ಇಲ್ಲ. ಹೆದ್ದಾರಿಗೆ ಅಂತ ಬಂದ ಲಾರಿ ಹೆದ್ದಾರಿಯಲ್ಲೇ ಹುಟ್ಟಿ ಹೆದ್ದಾರಿಯಲ್ಲೇ ಮುಗಿಯುವುದಿಲ್ಲ. ಕಲ್ಲು ಹುಟ್ಟುವುದು ಹಳ್ಳಿಯಲ್ಲಿ, ಇಟ್ಟಿಗೆ ಹುಟ್ಟುವುದು ಹಳ್ಳಿಯಲ್ಲಿ. ಕೊನೆಯ ನಾಲ್ಕು ಮೈಲಿ ನಮ್ಮ ದಾರಿಯಲ್ಲೇ ಬರಬೇಕು.

ಹಾಗಾದರೆ ಸಣ್ಣ ರೈತನಿಗೆ ಬಾಡಿಗೆ ಇಳಿಯಿತೇ? ನನ್ನ ಅನುಭವದಲ್ಲಿ ಇಲ್ಲ. ನಾನು ಒಯ್ಯುವುದು ಹದಿನೈದು ಚೀಲ. ನನಗೆ ಬೇಕಾದ್ದು ಕ್ಯಾಂಟರು, ಛೋಟಾ ಹಾತಿ. 55 ಟನ್ನಿನ ಲಾರಿಯ ಲಾಭ ನನ್ನ ಮೋರಿ ತನಕ ಬರಲಿಲ್ಲ, ಅದರ ತಮ್ಮಂದಿರ ಭಾರ ಮಾತ್ರ ಬಂತು.

ಉದ್ದ ಶತ್ರುವಲ್ಲ

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಉದ್ದ ಲಾರಿ ಅಂದ ಕೂಡಲೇ ನಾವು ಹೆದರುತ್ತೇವೆ. ಫಿನ್ಲೆಂಡ್ ದೇಶದಲ್ಲಿ 2013ರಿಂದ 76 ಟನ್ ಲಾರಿಗೆ ಅವಕಾಶವಿದೆ. ಆದರೆ ಅಷ್ಟು ಭಾರಕ್ಕೆ ಒಂಬತ್ತು ಅಚ್ಚು ಇರಬೇಕು. 76ನ್ನು 9ರಿಂದ ಭಾಗಿಸಿ: ಒಂದೊಂದು ಅಚ್ಚಿಗೆ ಸರಾಸರಿ ಎಂಟೂವರೆ ಟನ್ನೂ ಇಲ್ಲ. ನಮ್ಮ ಆರು ಚಕ್ರದ ಲಾರಿಯ ಹಿಂದಿನ ಅಚ್ಚಿನ 11.5ಕ್ಕಿಂತ ಕಮ್ಮಿ! ಅಂದರೆ ಆ ಬೃಹತ್ ಲಾರಿ ಒಂದೊಂದು ಅಚ್ಚಿನಲ್ಲಿ ರಸ್ತೆಯನ್ನು ಒತ್ತುವುದು ನಮ್ಮ ಸಣ್ಣ ಲಾರಿಗಿಂತ ಹಗುರಾಗಿ.

ಸೇತುವೆಗೂ ಹಾಗೇ. ಭಾರ ಉದ್ದಕ್ಕೆ ಹಂಚಿದ್ದರೆ ಒಂದೇ ಕಣ್ಣಿನ ಮೇಲೆ ಎಲ್ಲ ಅಚ್ಚೂ ಒಟ್ಟಿಗೆ ಬರುವುದಿಲ್ಲ. ಗಿಡ್ಡಗಿರುವ, ಹೇರು ಜಾಸ್ತಿ ಇರುವ ಟಿಪ್ಪರೇ ಸಣ್ಣ ಮೋರಿಗೆ ಯಮ.

ಆದರೆ ಉದ್ದಕ್ಕೆ ಬೇರೆ ಕಷ್ಟವಿದೆ. ಟ್ರಾಕ್ಟರಿಗೆ ಟ್ರೈಲರ್ ಕಟ್ಟಿ ಬದುವಿನ ಮೂಲೆ ತಿರುಗಿಸಿದವರಿಗೆ ಗೊತ್ತು. ಮುಂದಿನ ಚಕ್ರ ಹೋದ ಜಾಡಿನಲ್ಲಿ ಹಿಂದಿನ ಚಕ್ರ ಬರುವುದಿಲ್ಲ, ಒಳಗಡೆಗೆ ಕತ್ತರಿಸಿಕೊಂಡು ಬರುತ್ತದೆ. ಉದ್ದ ಹೆಚ್ಚಿದಷ್ಟೂ ಒಳಗೆ ಹೆಚ್ಚು ಸರಿಯುತ್ತೆ. ನಮ್ಮ ಮಾಗಡಿ ರಸ್ತೆಯಂಥ ಕಡೆ, ಸರ್ಕಲಿನಲ್ಲಿ ಬೈಕು, ಸೊಪ್ಪಿನ ಗಾಡಿ, ಶಾಲೆ ಮಕ್ಕಳು ನಿಲ್ಲುವುದೇ ಆ ಒಳಮಗ್ಗುಲಿನಲ್ಲಿ. ಡ್ರೈವರಿಗೆ ಅಲ್ಲಿ ಕಣ್ಣು ಕಾಣುವುದಿಲ್ಲ. ಉದ್ದ ಲಾರಿಗೆ ಅಗಲ ರಸ್ತೆ ಬೇಕು, ದೊಡ್ಡ ತಿರುವು ಬೇಕು. ಹಳ್ಳಿ ರಸ್ತೆಯ ಡಾಂಬರಿನ ಅಗಲ ಸಾಮಾನ್ಯವಾಗಿ 3.75 ಮೀಟರ್, ಕೆಲವು ಕಡೆ 3 ಮೀಟರ್. ಲಾರಿಯ ಅಗಲವೇ ಎರಡೂವರೆ ಮೀಟರ್ ಮೇಲೆ. ಎದುರಿಗೆ ಬಂದವನು ಹೊಲಕ್ಕೆ ಇಳಿಯಬೇಕು. ರಸ್ತೆಯ ಅಂಚು ಮುರಿಯುವುದೂ ಹಾಗೇ.

ನಮ್ಮ ನಾಡಿನ ಮೂರು ಪಾಠ

ಮೊದಲನೆಯದು ಬಳ್ಳಾರಿ. 2000ದ ನಂತರ ಅದಿರಿಗೆ ಬೆಲೆ ಬಂದಾಗ ಸಂಡೂರು, ಹೊಸಪೇಟೆ ಕಡೆಯಿಂದ ಲಾರಿಗಳ ಸಾಲು ಬೇಲೆಕೇರಿ, ಮಂಗಳೂರು ಬಂದರುಗಳಿಗೆ ಹರಿಯಿತು. ರಸ್ತೆಗಳು ನುಚ್ಚುನೂರಾದವು. ಪಕ್ಕದ ಹೊಲಗಳ ಬೆಳೆ ಮೇಲೆ ಕೆಂಪು ಧೂಳು ಕೂತಿತು. ಆಗ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು 2008ರಲ್ಲಿ ಒಂದು, 2011ರಲ್ಲಿ ಒಂದು ವರದಿ ಕೊಟ್ಟರು. ಅಕ್ರಮ ಗಣಿಗಾರಿಕೆಯ ಜೊತೆಗೆ ಮಿತಿ ಮೀರಿದ ಹೇರಿನ ವಿಷಯವೂ ಅದರಲ್ಲಿ ಬಂತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಅದಿರು ಹೋಯ್ತು, ಹಣ ಹೋಯ್ತು, ಮುರಿದ ರಸ್ತೆ ಮಾತ್ರ ರೈತರಿಗೆ ಉಳಿಯಿತು.

ಎರಡನೆಯದು ಶಿರಾಡಿ ಘಾಟಿ. ಮಂಗಳೂರು ಬಂದರಿನ ಭಾರೀ ಲಾರಿ, ಟ್ಯಾಂಕರುಗಳೆಲ್ಲ ಹತ್ತಿಳಿಯುವ ದಾರಿ ಅದು. ಮಲೆನಾಡಿನ ಮಳೆಯೂ ಭಾರವೂ ಸೇರಿದರೆ ಡಾಂಬರು ನಿಲ್ಲುವುದಿಲ್ಲ ಅಂತ ಕಾಂಕ್ರೀಟು ಹಾಕಲು 2015ರಲ್ಲಿ ಒಮ್ಮೆ, 2018ರಲ್ಲಿ ಒಮ್ಮೆ ತಿಂಗಳುಗಟ್ಟಲೆ ಮುಚ್ಚಿದರು. ಆ ತಿಂಗಳುಗಳಲ್ಲಿ ಬಯಲುಸೀಮೆಯ ತರಕಾರಿಯವರೂ ಕರಾವಳಿಯವರೂ ಸುತ್ತು ದಾರಿಯ ಬಾಡಿಗೆ ತೆತ್ತರು.

ಮೂರನೆಯದು ನಮ್ಮ ಮಗ್ಗುಲಲ್ಲೇ ಇದೆ: ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆ. ಒಳಗಿನ ಉಕ್ಕಿನ ಕೇಬಲ್ಲುಗಳಲ್ಲಿ ದೋಷ ಕಂಡು 2021ರ ಡಿಸೆಂಬರ್‌ನಲ್ಲಿ ಮುಚ್ಚಿದರು. 2022ರ ಫೆಬ್ರವರಿಯಲ್ಲಿ ಹಗುರ ವಾಹನಕ್ಕೆ ಬಿಟ್ಟರು. ಭಾರೀ ವಾಹನಕ್ಕೆ ಬಿಟ್ಟದ್ದು 2024ರ ಜುಲೈ ಕೊನೆಯಲ್ಲಿ. ಎರಡೂವರೆ ವರ್ಷ ಯಶವಂತಪುರದ ಎಪಿಎಂಸಿಗೆ ಈರುಳ್ಳಿ, ಆಲೂಗಡ್ಡೆ ಹೊತ್ತು ಬರುವ ಲಾರಿಗಳು ಕೆಳಗಿನ ರಸ್ತೆಯಲ್ಲೇ ತೆವಳಿದವು. ಬಿಟ್ಟಾಗಲೂ ವಾರಕ್ಕೊಂದು ದಿನ, ಶುಕ್ರವಾರ, ಭಾರೀ ವಾಹನಕ್ಕೆ ಬಿಡುವಿಲ್ಲ ಅಂತ ಷರತ್ತು ಹಾಕಿದರು. ಇದು ಲಾರಿಯವರ ತಪ್ಪು ಅಂತ ನಾನು ಹೇಳುತ್ತಿಲ್ಲ. ಕೇಬಲ್ಲಿನ ದೋಷಕ್ಕೆ ಕಾರಣ ಬೇರೆ. ಆದರೆ ಸೊರಗಿದ ಸೇತುವೆ ಕಾರು ಹೊತ್ತೀತು, ಲಾರಿ ಹೊರಲಾರದು ಅನ್ನುವುದು ಎಲ್ಲರಿಗೂ ಕಂಡಿತು. ನಾವು ಎತ್ತಿಗೆ ಸೋಮವಾರ ನೊಗ ಹೂಡುವುದಿಲ್ಲ. ಆ ಸೇತುವೆಗೂ ಒಂದು ವಾರ ಗೊತ್ತುಮಾಡಿದರು, ಅಷ್ಟೇ.

ನಮ್ಮದೂ ಪಾಲಿದೆ

ಇಷ್ಟೆಲ್ಲ ಬರೆದು ನನ್ನ ತಪ್ಪು ಮುಚ್ಚಿಟ್ಟರೆ ಸರಿಯಾಗದು. ಸುಂಕದಕಟ್ಟೆಯಲ್ಲಿ ಮನೆ ಮೇಲೆ ಇನ್ನೊಂದು ಮಹಡಿ ಎತ್ತಿಸಿದಾಗ ಜಲ್ಲಿ, ಎಂ ಸ್ಯಾಂಡ್ ತರಿಸಿದ್ದು ಇಂಥದೇ ಟಿಪ್ಪರಿನಲ್ಲಿ. ನಾನೇ ಚೌಕಾಸಿ ಮಾಡಿ, 'ಮೇಲೆ ಗೋಪುರ ಕಾಣೋ ಹಂಗೆ ತುಂಬಿಸಿಕೊಂಡು ಬಾರಪ್ಪ' ಅಂದಿದ್ದೆ. ಲೋಡಿಗೆ ಇಷ್ಟು ಅಂತ ಕೊಳ್ಳುತ್ತೇವೆ. ಲೋಡು ಎಷ್ಟು ದೊಡ್ಡದೋ ಅಷ್ಟು ಅಗ್ಗ. ಆ ಅಗ್ಗದ ಬಾಕಿಯನ್ನು ನನ್ನ ಅವರೆಕಾಯಿ ತೀರಿಸಿತು. ಹೊಟ್ಟೆಗೆ ಹಾಕಿದ್ದು ಬೆನ್ನಿಗೆ ಬಿತ್ತು.

ಮಂಡ್ಯ ಕಡೆ ಒಂದು ಟ್ರಾಕ್ಟರಿಗೆ ಎರಡು ಟ್ರೈಲರ್ ಕಟ್ಟಿ, ಆನೆ ಎತ್ತರಕ್ಕೆ ಕಬ್ಬು ಹೇರುವುದನ್ನು ನೀವು ನೋಡಿದ್ದೀರಿ. ನಮ್ಮ ಕಡೆ ಹುಲ್ಲು, ಇಟ್ಟಿಗೆ. ಹುಲ್ಲು ಹಗುರ, ಪರವಾಗಿಲ್ಲ. ಕಬ್ಬು, ಇಟ್ಟಿಗೆ ಹಗುರವಲ್ಲ. ರೈತರ ಟ್ರಾಕ್ಟರ್ ಅಂತ ರಸ್ತೆ ಬೇರೆ ಲೆಕ್ಕ ಹಾಕುವುದಿಲ್ಲ.

ನಾವು ಮಾಡಿದ್ದು, ನೀವು ಮಾಡಬಹುದಾದ್ದು

ಬೈಯುವುದು ಬಿಟ್ಟು ನಾವು ಹತ್ತಾರು ಮಂದಿ ಕೂತು ಯೋಚಿಸಿದೆವು. ಮಾಡಿದ್ದರಲ್ಲಿ ಕೆಲವು ಫಲ ಕೊಟ್ಟವು. ಕ್ರಮವಾಗಿ ಬರೆಯುತ್ತೇನೆ.

1. ಮೊದಲು ನೀರು. ರಸ್ತೆಯ ಎರಡು ಕಡೆ ಚರಂಡಿ ಮುಚ್ಚಿಹೋಗಿತ್ತು. ಕೆಲವು ಕಡೆ ನಾವೇ ಉಳುಮೆ ಮಾಡುವಾಗ ಮುಚ್ಚಿದ್ದು. ಮುಂಗಾರಿಗೆ ಮುಂಚೆ ಅವರವರ ಹೊಲದ ಮುಂದೆ ಅವರವರು ತೆಗೆದೆವು. ಒಣಗಿದ ರಸ್ತೆ ಹೊರುವ ಭಾರವನ್ನು ನೆನೆದ ರಸ್ತೆ ಹೊರಲಾರದು. ಹಸಿ ನೆಲದ ಮೇಲೆ ಟ್ರಾಕ್ಟರ್ ಬಿಟ್ಟರೆ ಹೊಲ ಏನಾಗುತ್ತೆ ಅಂತ ನಿಮಗೆ ಹೇಳಬೇಕಿಲ್ಲ.

2. ಬಾಯಿ ಮಾತು ಬೇಡ, ತೂಕದ ಚೀಟಿ ಇರಲಿ. ಲಾರಿಯ ಆರ್‌ಸಿ ಪುಸ್ತಕದಲ್ಲಿ ಬರಿ ಗಾಡಿಯ ತೂಕ, ಹೇರು ಸೇರಿ ಇರಬೇಕಾದ ತೂಕ ಎರಡೂ ಇರುತ್ತದೆ. ವೇಬ್ರಿಡ್ಜಿನ ಚೀಟಿಯನ್ನು ಅದರ ಪಕ್ಕ ಇಟ್ಟರೆ ಯಾರೂ ವಾದ ಮಾಡಲಾರರು.

3. ಕಾನೂನು ತಿಳಿದಿರಲಿ. 1988ರ ಮೋಟಾರು ವಾಹನ ಕಾಯಿದೆಯ 113ನೇ ಕಲಮು ಮಿತಿ ಮೀರಿದ ಹೇರನ್ನು ತಡೆಯುತ್ತದೆ. 114ರಲ್ಲಿ ಅಧಿಕಾರಿ ಗಾಡಿ ತೂಕ ಮಾಡಿಸಿ, ಹೆಚ್ಚಿನದನ್ನು ಅಲ್ಲೇ ಇಳಿಸಲು ಹೇಳಬಹುದು. 2005ರಲ್ಲಿ ಸುಪ್ರೀಂ ಕೋರ್ಟು ಕೂಡ, ದಂಡ ಕಟ್ಟಿಸಿಕೊಂಡು ಹಾಗೇ ಬಿಡಬಾರದು, ಹೆಚ್ಚಿನ ಹೇರು ಇಳಿಸಲೇಬೇಕು ಅಂತ ಹೇಳಿದೆ. 2019ರ ತಿದ್ದುಪಡಿಯಲ್ಲಿ 194ನೇ ಕಲಮಿನ ದಂಡ 20,000 ರೂಪಾಯಿ, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000 ಆಯಿತು. ತೂಕಕ್ಕೆ ನಿಲ್ಲಿಸದೆ ಹೋದರೆ 40,000. 115ನೇ ಕಲಮಿನಲ್ಲಿ ಸೊರಗಿದ ರಸ್ತೆ, ಸೇತುವೆಯ ಮೇಲೆ ಭಾರೀ ವಾಹನ ನಿಷೇಧಿಸಿ ಫಲಕ ಹಾಕುವ ಅಧಿಕಾರವಿದೆ.

4. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಒಬ್ಬೊಬ್ಬರೇ ಹೋದರೆ ಅರ್ಜಿ ಮೇಜಿನ ಕೆಳಗೆ. ಠರಾವಿನ ನಕಲು, ಚೀಟಿಗಳು, ಮೋರಿಯ ಫೋಟೋ ಸೇರಿಸಿ ತಾಲ್ಲೂಕು ಕಚೇರಿಗೂ ಸಾರಿಗೆ ಕಚೇರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ.

5. ದಾರಿ ತೋರಿಸಿ. 'ಬರಬೇಡ' ಅಂದರೆ ಜಗಳ. 'ಈ ದಾರಿ ಬಿಡು, ಆ ದಾರಿ ಹಿಡಿ' ಅಂದರೆ ಮಾತು ಮುಂದುವರಿಯುತ್ತೆ. ಮೂರು ಕಿಲೋಮೀಟರ್ ಸುತ್ತಾದರೂ ಗಟ್ಟಿ ರಸ್ತೆಯೊಂದಿತ್ತು. ಅದನ್ನೇ ಕೇಳಿದೆವು.

6. ಜಲ್ಲಿ, ಮರಳನ್ನು ಲೋಡಿನ ಬದಲು ಟನ್ನಿನ ಲೆಕ್ಕದಲ್ಲಿ ಕೊಳ್ಳಿ. ಆಗ ಗೋಪುರ ಕಟ್ಟುವ ಆಸೆ ಇಬ್ಬರಿಗೂ ಇರುವುದಿಲ್ಲ.

7. ಮಕ್ಕಳಿಗೆ, ಬೈಕಿನ ಹುಡುಗರಿಗೆ ಹೇಳಿ: ಉದ್ದ ಲಾರಿ ತಿರುಗುವಾಗ ಒಳಮಗ್ಗುಲಲ್ಲಿ ನಿಲ್ಲಬಾರದು, ನುಗ್ಗಬಾರದು.

ಎಲ್ಲ ಸರಿಹೋಯ್ತು ಅಂತ ಸುಳ್ಳು ಹೇಳುವುದಿಲ್ಲ. ಅಧಿಕಾರಿಗಳು ಬಂದು ಎರಡು ಸಲ ತೂಕ ಮಾಡಿಸಿದರು. ಮಳೆಗಾಲದ ನಾಲ್ಕು ತಿಂಗಳು ಟಿಪ್ಪರುಗಳು ಸುತ್ತಿನ ದಾರಿ ಹಿಡಿಯಲು ಒಪ್ಪಿದವು. ಮೋರಿಗೆ ಹೊಸ ಪೈಪು ಬಂತು. ಬೇಸಿಗೆಯಲ್ಲಿ ರಾತ್ರಿ ಹೊತ್ತು ಈಗಲೂ ಕೆಲವು ಗಾಡಿ ಕದ್ದು ಬರುತ್ತವೆ. ಬಾಮೈದ ಆ ಕೆಲಸ ಬಿಟ್ಟು ಕ್ಯಾಂಟರ್ ತೆಗೆದುಕೊಂಡಿದ್ದಾನೆ. ಹೋದ ವರ್ಷ ನಮ್ಮ ಅವರೆಕಾಯಿ ಹೋದದ್ದು ಅವನ ಗಾಡಿಯಲ್ಲೇ. ಮೋರಿ ದಾಟುವಾಗ ಅವನೇ ನಿಧಾನ ಮಾಡಿ, 'ಭಾವ, 256' ಅಂತ ನಕ್ಕ.

ಕೊನೆಗೊಂದು ಮಾತು. ದೊಡ್ಡ ಲಾರಿ ಬೇಡ ಅಂತ ನಾನು ಹೇಳುವುದಿಲ್ಲ. ಗೊಬ್ಬರ ಬರುವುದು ಅದರಲ್ಲೇ, ಈರುಳ್ಳಿ ಹೋಗುವುದೂ ಅದರಲ್ಲೇ. ಭಾರ ಹೆಚ್ಚಿಸುವುದಾದರೆ ಅಚ್ಚೂ ಹೆಚ್ಚಲಿ. ಹೆದ್ದಾರಿಯ ಭಾರ ಹೆದ್ದಾರಿಯಲ್ಲಿರಲಿ. ಹಳ್ಳಿ ರಸ್ತೆಯನ್ನು ಸವೆಸುವವರು ಅದರ ರಿಪೇರಿಗೆ ಪಾಲು ಕೊಡಲಿ. ಹಳೇ ಸುಂಕದ ಕಟ್ಟೆಯ ನ್ಯಾಯ ಅದೇ ಆಗಿತ್ತು. ನಿಮ್ಮೂರ ದಾರಿಯಲ್ಲಿ ಎಂಥ ಗಾಡಿ ಓಡುತ್ತವೆ, ಒಂದು ಅಚ್ಚಿಗೆ ಎಷ್ಟು ಭಾರ ಬೀಳುತ್ತೆ ಅಂತ ಈ ವಾರವೇ ನೋಡಿ, ನಾಲ್ಕು ಸಲ ಗುಣಿಸಿ. ಉತ್ತರ ಬಂದ ಮೇಲೆ ನನ್ನ ಹಾಗೆ ನಿಮಗೂ ಸುಮ್ಮನೆ ಕೂರಲು ಆಗುವುದಿಲ್ಲ.